ಕಿವಿಯಿಂದ ಓದುವ ಪುಸ್ತಕ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ಶ್ರೀರಂಗಮ್ಮನವರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ ಇಬ್ಬರು ಎಂ.ಎ. ಹುಡುಗಿಯರು ಪಕ್ಕದಲ್ಲೇ ಕುಳಿತು ಮಾತಿಗಿಳಿದರು.

“ಕುರಾನು ಹಿಂದುಮುಂದಾಗಿದೆ ಅಂತ ನಿನ್ ಪ್ರಬಂಧದಲ್ಲಿ ಬರ್ದಿದ್ಯಲ್ಲ ರಂಜನಿ, ಕುರಾನು ಓದಿದ್ಯೇನೇ?”

“ಇಲ್ಲ ಕಣೇ ನಾಜ್ನೀನ್. ಇಂಗ್ಲೆಂಡಿನ ಪಂಡಿತರೊಬ್ರು ಹಂಗಂದಿದಾರೆ.”

“ಅವ್ರು ಬೈಬಲ್ ಥರಾನೇ ಇರುತ್ತೆ ಅಂದ್ಕೊಂಡು ಓದಿದ್ರು. ನಮಗದು ಕೇಳೋ ಪುಸ್ತಕ. ನಿಮ್ ತಾತ ಗಮಕ ಹಾಡ್ವಾಗ ನಡುವಿಂದ ಶುರು ಮಾಡಿದ್ರೆ, ಯಾರಾದ್ರೂ ಹಿಂದುಮುಂದು ಅಂತಾರಾ?”

“ಅಂದೋರನ್ನ ತಾತ ಎಬ್ಬಿಸಿ ಕಳಿಸ್ತಾರೆ!”

ಇಬ್ಬರೂ ನಕ್ಕರು. ಆಮೇಲೆ ರಂಜನಿಯ ದನಿ ಇಳಿಯಿತು.

“ಇವತ್ತು ಸೆಮಿನಾರಲ್ಲಿ ಅದನ್ನೇ ಓದ್ಬೇಕಲ್ಲೇ. ಎದ್ದು ಪ್ರಶ್ನೆ ಕೇಳ್ತೀಯಾ?”

“ಎಲ್ರೆದುರು ಕೇಳ್ತೀನಾ? ಅದಕ್ಕೇ ಬಸ್ಸಲ್ಲೇ ಹೇಳಿದ್ದು.”

ರಂಜನಿ ಚೀಲದಿಂದ ಪ್ರಬಂಧ ತೆಗೆದು ಆ ಸಾಲನ್ನು ಹೊಡೆದುಹಾಕಿದಳು. ಹಾಸನದಲ್ಲಿ ಇಳಿಯುತ್ತಾ ಅವಳು, “ಒಳಗೆ ಹೋಗೋ ಮುಂಚೆ ಕುರಾನು ಒಂದಿಷ್ಟು ಓದಿ ಕೇಳಿಸೇ” ಎಂದದ್ದಷ್ಟೇ ಶ್ರೀರಂಗಮ್ಮನವರ ಕಿವಿಗೆ ಬಿತ್ತು.