ಜಪದ ಇನ್ನರ್ಧ

ಮುಟ್ಟಬೇಡಕ್ಕ, ಆ ಚೂರು ಮುಟ್ಟಬೇಡ… ಕೈ ಕೊಯ್ಯುತ್ತೆ. ನನ್ನ ಕೈ ನೋಡು, ಬಟ್ಟೆ ಸುತ್ತಿದ್ರೂ ರಕ್ತ ನಿಲ್ತಿಲ್ಲ. ಸುರೀಲಿ ಬಿಡು. ಹೌದು, ನಾನೇ ಒಡೆದೆ. ಅಮ್ಮನ ಮರಿಯಮ್ಮನ ಪ್ರತಿಮೆನ ನಾನೇ ಒಡೆದೆ. ಅಮ್ಮನ ಮೇಲೆ ಮಣ್ಣು ಹಾಕಿ ಬಂದೋನು ಕೈ ಕೂಡ ತೊಳೀಲಿಲ್ಲ, ಗ್ಯಾರೇಜಿನ ಚೀಲ ಬಿಚ್ಚಿ ಸುತ್ತಿಗೆ ತೆಗೆದೆ. ಗೂಡಲ್ಲಿ ನಿಂತಿದ್ದಾಗಲೇ ಒಂದು ಏಟು. ಕೆಳಗೆ ಬಿದ್ದ ಮೇಲೆ ಎಷ್ಟು ಏಟು ಹಾಕಿದ್ನೋ, ನನಗೇ ಗೊತ್ತಿಲ್ಲ.

ಭಾವನಿಗೆ ಹೊಡೀಬೇಕು ಅಂತ ಇರಲಿಲ್ಲ ಕಣಕ್ಕ. ಅವರು ಅಡ್ಡ ಬಂದ್ರು. ಎತ್ತಿದ ಸುತ್ತಿಗೆ ಗಾಳಿಯಲ್ಲಿ ನಿಲ್ಲುತ್ತಾ? ಭುಜದ ಮೂಳೆ ಲಟಕ್ ಅಂದಿದ್ದು ನನಗೂ ಕೇಳಿಸ್ತು. ನೀನು ಗಂಡನ ಜೊತೆ ಆಸ್ಪತ್ರೆಗೆ ಹೋಗೋದು ಬಿಟ್ಟು ಇಲ್ಲಿ ಯಾಕೆ ಕೂತಿದ್ದೀಯ? ಬಂದೋರೆಲ್ಲ ಚಪ್ಪಲಿ ಬಿಟ್ಟು ಓಡಿದ್ರು. ನಿನಗೆ ಭಯ ಇಲ್ವಾ?

ಬೈಯಿ. ನೆಲ ನೋಡ್ತಾ ಕೂತ್ಕೋಬೇಡ, ಬೈಯಿ ನನ್ನ.

ಇಲ್ಲ ಅಂದ್ರೆ ವಾದ ಮಾಡು. ಊಟಕ್ಕೆ ಕೂತಾಗೆಲ್ಲ ಮಾಡ್ತಿದ್ವಲ್ಲ, ಹಾಗೆ. ನಾನು ಹೇಳ್ತೀನಿ: ನಿಮಗೆ ಮರಿಯಮ್ಮ, ನಮಗೆ ಮರಿಯಳು. ಒಳ್ಳೇ ಹೆಂಗಸು, ನಂಬಿಕೆ ಇದ್ದೋಳು, ಯೇಸುವನ್ನ ಹೆತ್ತೋಳು. ಮರ್ಯಾದೆ ಕೊಡೋಣ. ಆದ್ರೆ ಬೇಡ್ಕೊಳ್ಳೋದಿದ್ರೆ ಮಗನ್ನ ಬೇಡ್ಕೋಬೇಕು. ದೇವರಿಗೂ ಮನುಷ್ಯರಿಗೂ ನಡುವೆ ಇರೋನು ಒಬ್ಬನೇ. ಈಗ ನೀನು ಹೇಳಬೇಕು: ‘ಆರಾಧನೆ ಬೇರೆ, ಗೌರವ ಬೇರೆ ಕಣೋ. ನಿನಗೆ ಜ್ವರ ಬಂದ್ರೆ ನಿಮ್ಮ ಸಭೆಯೋರಿಗೆಲ್ಲ ನನಗೋಸ್ಕರ ಪ್ರಾರ್ಥನೆ ಮಾಡಿ ಅಂತೀಯ. ನಾವು ಅವನ ತಾಯಿಗೆ ಅಂತೀವಿ. ಏನು ತಪ್ಪು?’ ಆಮೇಲೆ ಅಮ್ಮ ಬಡಿಸ್ತಾ ನಗಬೇಕು. ‘ನಿಮ್ಮ ಗ್ಯಾರೇಜಲ್ಲಿ ಗಾಡಿ ಬೇಗ ಬೇಕಾದೋರು ಮಾಲೀಕನ್ನ ಬಿಟ್ಟು ಅವನ ಅಮ್ಮನ ಹತ್ರ ಯಾಕೋ ಹೋಗ್ತಾರೆ?’ ಅಂತಿದ್ಳಲ್ಲ… ನೀನು ಅನ್ನದ ಅಗುಳು ನೆತ್ತಿಗೇರೋ ಹಾಗೆ ನಗ್ತಿದ್ದೆ. ನಾನೂ ನಗ್ತಿದ್ದೆ.

ಈಗ ನಿನ್ನ ಸರದಿ ಕಣಕ್ಕ.

ತಪ್ಪೆಲ್ಲ ಆ ಒಪ್ಪಂದದ್ದು. ಗಂಡು ಹುಟ್ಟಿದ್ರೆ ಅಪ್ಪನ ಪ್ರೊಟೆಸ್ಟೆಂಟ್ ಚರ್ಚು, ಹೆಣ್ಣು ಹುಟ್ಟಿದ್ರೆ ಅಮ್ಮನ ಕ್ಯಾಥೊಲಿಕ್ ಚರ್ಚು. ಇಬ್ಬರೂ ಒಪ್ಪಿಕೊಂಡೇ ಮದುವೆ ಆದ್ರಂತೆ. ಎಮ್ಮೆ ನಿನಗೆ, ಹಗ್ಗ ನನಗೆ ಅನ್ನೋ ಹಾಗೆ. ಸಂಜೆಯಾದ್ರೆ ನೀನೂ ಅಮ್ಮನೂ ಚಾಪೆ ಹಾಕ್ಕೊಂಡು ಜಪಸರ ಹಿಡೀತಿದ್ರಿ. ಅಮ್ಮ ಅರ್ಧ ಹೇಳೋದು, ನೀನು ಇನ್ನರ್ಧ ಹೇಳಿ ಮುಗಿಸೋದು. ನಾನು ಪರದೆಯ ಈ ಕಡೆ. ನನ್ನಮ್ಮ ಹೇಳ್ತಿದ್ದದ್ದು ನನ್ನ ಕಿವಿಗೆ ಬೀಳಬಾರದು ಅಂತ ಅಪ್ಪನ ಆಜ್ಞೆ. ಕಿವಿಗೆ ರೆಪ್ಪೆ ಇದ್ಯಾ, ಮುಚ್ಚೋಕೆ? ನನಗೆ ಎರಡೂ ಅರ್ಧ ಬಾಯಿಗೆ ಬಂದ್ಬಿಟ್ಟಿತ್ತು.

ಒಂದು ಸಂಜೆ ನಿನಗೆ ಗಂಟಲು ಕಟ್ಟಿತ್ತು, ನೆನಪಿದ್ಯಾ? ಅಮ್ಮ ಅರ್ಧ ಹೇಳಿ ಕಾಯ್ತಾ ಇದ್ಳು. ನೀನು ಕೆಮ್ತಾ ಇದ್ದೆ. ಪರದೆಯ ಈ ಕಡೆಯಿಂದ ನಾನೇ ಉತ್ತರ ಕೊಟ್ಟೆ. ಅಷ್ಟೇ. ಅಪ್ಪ ಬೆಲ್ಟ್ ಬಿಚ್ಚಿ ನೇರ ಬಾಯಿಗೇ ಬಾರಿಸಿದ. ಬಕಲ್ ಇರೋ ಕಡೆಯಿಂದ. ಈ ಮುಂದಿನ ಹಲ್ಲು ಹೋಗಿದ್ದು ಹಾಗೆ, ಊರಿಗೆಲ್ಲ ಹೇಳಿದ ಹಾಗೆ ಸೈಕಲ್ಲಿಂದ ಬಿದ್ದಲ್ಲ. ಅಮ್ಮ ನನ್ನ ಮೇಲೆ ಕವುಚಿ ಬಿದ್ಳು, ಅವಳ ಬೆನ್ನಿಗೂ ಬಿತ್ತು. ಆಮೇಲೆ ಅಪ್ಪ ಮರಿಯಮ್ಮನ್ನ ಎತ್ತಿ ಗೋಡೆಗೆ ಎಸೆದ. ಕತ್ತು ಮುರೀತು.

ಅದನ್ನ ಅಂಟಿಸಿದ್ದು ಯಾರು? ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡೆಂಟ್ ತುಂಬೋ ಪುಟ್ಟಿ ತಂದು ಅಂಟಿಸಿ, ಉಜ್ಜಿ, ಯಾರದೋ ಕಾರಿಗೆ ಹೊಡೆದು ಉಳಿದಿದ್ದ ನೀಲಿ ಬಣ್ಣ ಬಳಿದೆ. ಪೂಜೆ ಅಲ್ಲ, ರಿಪೇರಿ ಅಂದೆ. ಅಮ್ಮ ನನ್ನ ಕೈ ಹಿಡಿದು ಮುತ್ತಿಟ್ಳು. ಇವತ್ತು ನೋಡು, ಎಲ್ಲಾ ಪುಡಿ ಆಗಿದೆ, ಆ ಕತ್ತಿನ ಅಂಟು ಮಾತ್ರ ಬಿಟ್ಟಿಲ್ಲ. ಅದರ ಮೇಲೇ ಬಾರಿಸಿದೆ ಕಣಕ್ಕ, ಮತ್ತೆ ಮತ್ತೆ ಬಾರಿಸಿದೆ. ಮುಖ ಹಾಗೇ ಇದೆ. ನೋಡ್ತಾನೇ ಇದೆ.

ಏನು? ಯಾಕೆ ಕೈ ಚಾಚ್ತಿದ್ದೀಯ?

ಜಪಸರ… ನನಗೇನು ಗೊತ್ತು? ಶವಪೆಟ್ಟಿಗೆಯಲ್ಲಿ ಅಮ್ಮನ ಕೈಗೆ ಸುತ್ತಿ ಕಳಿಸಬೇಕಿತ್ತು ಅಂತ ನಿನ್ನ ಸಂಕಟ, ಗೊತ್ತು. ಅಮ್ಮನೇ ತೆಗೆದುಕೊಟ್ಳು. ಸಾಕು ಮಗನೇ, ಯೇಸು ಒಬ್ಬನೇ ಸಾಕು ಅಂದ್ಳು. ಕೊನೆಗೆ ಅವಳಿಗೂ ಅರ್ಥ ಆಯ್ತು. ಆಮೇಲೆ ನಿದ್ದೆ ಹೋದ್ಳು, ನಿದ್ದೆಯಲ್ಲೇ ಉಸಿರು ನಿಂತುಹೋಯ್ತು. ಫೋನಲ್ಲೂ ಅದೇ ಹೇಳಿದ್ನಲ್ಲ.

ಬೆರಳು ತೋರಿಸ್ಬೇಡ. ಸ್ನಾನ ಮಾಡಿಸುವಾಗ ನೀನು ಅಮ್ಮನ ಬೆರಳನ್ನೇ ಹಿಡಿದು ನಿಂತಿದ್ದನ್ನ ನೋಡಿದ್ದೀನಿ. ವಯಸ್ಸಾದೋರ ಬೆರಳು ಊದುತ್ತೆ. ನೀಲಿಗಟ್ಟುತ್ತೆ. ಚರ್ಮ ಕಿತ್ತು ಬರುತ್ತೆ, ಸುಮ್ಮನೆ ಮುಟ್ಟಿದ್ರೂ…

ತಗೋ. ಜೇಬಲ್ಲೇ ಇದೆ, ತಗೋ. ತಂತಿ ತುಂಡಾಗಿದೆ, ಹಳೇದು. ನಾಲ್ಕು ಮಣಿ ಎಲ್ಲೋ ಮಂಚದ ಕೆಳಗೆ ಹೋಗಿರಬೇಕು.

ಹೌದು, ಬರೋಕೆ ಆತುರ ಬೇಡ, ಅಮ್ಮ ಸುಧಾರಿಸ್ತಾ ಇದ್ದಾಳೆ ಅಂತ ನಿನಗೆ ನಾನೇ ಹೇಳಿದ್ದೆ. ನೀನು ಬಂದ್ರೆ ನಿಮ್ಮ ಪಾದ್ರಿ ಬರ್ತಿದ್ರು, ಮೇಣದಬತ್ತಿ ಬರ್ತಿತ್ತು. ನನ್ನ ಅಮ್ಮ ಒಂದು ಸಲವಾದ್ರೂ ಪರದೆಯ ಈ ಕಡೆ ಬರಲಿ ಅಂತ ಆಸೆ ಆಯ್ತು ಕಣಕ್ಕ. ಒಂದೇ ಸಲ. ನೀನು ಹುಟ್ಟಿದಾಗಿನಿಂದ ಇಟ್ಕೊಂಡಿದ್ದೀಯಲ್ಲ ಅವಳನ್ನ.

ಸರಿ, ನಾನೇ ನಿನ್ನ ದಾರಿಗೆ ಬರ್ತೀನಿ. ಅಮ್ಮನಿಗೋಸ್ಕರ ಇಬ್ಬರೂ ಹೇಳೋಣ. ನಾನು ಶುರು ಮಾಡ್ತೀನಿ, ನೀನು ಮುಗಿಸು. ‘ನಮೋ ಮರಿಯ… ಕರ್ತರು ನಿಮ್ಮೊಡನೆ ಇದ್ದಾರೆ… ನಿಮ್ಮ ಉದರದ ಫಲವಾದ ಯೇಸುವೂ ಧನ್ಯರು…’

ಹೂಂ. ನಿನ್ನ ಅರ್ಧ.

ಹೇಳಕ್ಕ. ಮರೆತುಹೋಯ್ತಾ? ಸಾವಿರ ಸಲ ಹೇಳಿದ್ದೀಯ. ‘ನಮೋ ಮರಿಯ…’ ಬಾಯಿ ತೆಗಿ. ಬಾಯಿ ತೆಗಿಯೇ! ಸುತ್ತಿಗೆ ಇನ್ನೂ ಕೈಯಲ್ಲೇ ಇದೆ, ನನ್ನ ಕೆಣಕಬೇಡ. ಇದೇ ಸುತ್ತಿಗೆಯಲ್ಲಿ ನಿನ್ನ… ಕಣ್ಣು ಕೂಡ ಮಿಟುಕಿಸಲ್ವಲ್ಲೇ ನೀನು.

ಹಾಗೆ ನೋಡಬೇಡ. ಅಮ್ಮನೂ ಹೀಗೇ ನೋಡ್ತಾ…

ನಿದ್ದೆಯಲ್ಲಿ. ನಿದ್ದೆಯಲ್ಲೇ ಹೋದ್ಳು.

ಇಲ್ಲ. ನಿದ್ದೆ ಮಾಡಲಿಲ್ಲ ಅವಳು. ಮಧ್ಯಾಹ್ನದಿಂದ ಶುರು ಮಾಡಿದ್ಳು. ಅರ್ಧ ಹೇಳೋದು, ನನ್ನ ಮುಖ ನೋಡೋದು. ಮತ್ತೆ ಅರ್ಧ, ಮತ್ತೆ ನನ್ನ ಮುಖ. ಅವಳಿಗೆ ಗೊತ್ತಿತ್ತು, ನನಗೆ ಬರುತ್ತೆ ಅಂತ. ಆ ಸಂಜೆ ನನ್ನ ಬಾಯಿಂದ ಕೇಳಿದ್ಳಲ್ಲ. ನಾನು ಹಲ್ಲು ಕಚ್ಚಿ ಕೂತೆ. ಬೈಬಲ್ ತೆಗೆದು ಜೋರಾಗಿ ಓದಿದೆ. ಅವಳು ನಿಲ್ಲಿಸಲಿಲ್ಲ. ಆಗ ಸರ ಹಿಡಿದು ಎಳೆದೆ. ಬಿಡಲಿಲ್ಲ. ಅಷ್ಟು ಶಕ್ತಿ ಎಲ್ಲಿತ್ತೋ ಆ ಕೈಯಲ್ಲಿ. ಒಂದೊಂದೇ ಬೆರಳು ಹಿಂದಕ್ಕೆ ಮಡಚಿದೆ ಕಣಕ್ಕ. ಒಂದು ಬೆರಳು ಟಕ್ ಅಂತು. ಅವಳು ಅಯ್ಯೋ ಅನ್ನಲಿಲ್ಲ. ಸರ ಹೋದ ಮೇಲೆ ಆ ಮುರಿದ ಬೆರಳಿಂದಲೇ ಎಣಿಸೋಕೆ ಶುರು ಮಾಡಿದ್ಳು.

ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನಮಗಾಗಿ ಪ್ರಾರ್ಥಿಸಿರಿ, ಈಗಲೂ, ಮರಣದ ಸಮಯದಲ್ಲೂ. ಅಷ್ಟೇ ತಾನೇ? ಅಷ್ಟು ಹೇಳಿದ್ರೆ ನನ್ನ ದೇವರು ಸಿಟ್ಟಾಗ್ತಿದ್ನಾ? ಅವನಿಗೂ ಒಬ್ಬ ಅಮ್ಮ ಇದ್ದಳಲ್ಲ. ಶಿಲುಬೆ ಮೇಲೆ ಸಾಯುವಾಗ ಅವನು ಅಮ್ಮನ ಕಡೆ ನೋಡಿದ. ನಾನು ಗೋಡೆ ಕಡೆ ನೋಡಿದೆ. ಗೋಡೆಯ ಗೂಡಲ್ಲಿ ಇದು ನಿಂತು ನನ್ನನ್ನೇ ನೋಡ್ತಿತ್ತು.

ಅಕ್ಕ, ಉತ್ತರ ಕೊಡಕ್ಕ. ನಿನ್ನ ಕಾಲು ಹಿಡೀತೀನಿ. ಸುತ್ತಿಗೆ ನೀನೇ ತಗೋ, ಬೇಕಾದ್ರೆ ಈ ಬಾಯಿಗೇ ಬಾರಿಸು. ಇನ್ನರ್ಧ ಮಾತ್ರ ಹೇಳು… ‘ನಮೋ ಮರಿಯ…’

ಇಲ್ವಾ?

ಸರಿ. ಹಾಗಾದ್ರೆ ನೀನು ಹೇಳೋವರೆಗೂ ನಾನು ಹೇಳ್ತಾನೇ ಇರ್ತೀನಿ. ಅಮ್ಮ ಕತ್ತಲಾಗೋವರೆಗೂ ಹೇಳಿದ್ಳು.