ಜಗುಲಿಯ ಮೇಲೆ ಉಳಿದ ಪವರ್ ಸಪ್ಲೈ ಪೆಟ್ಟಿಗೆ

ರಾಮಲಕ್ಷ್ಮಮ್ಮ ಕೋಂ ಬಯ್ಯಪ್ಪ, 50 ವರ್ಷ, ಕಸುಬು ರೇಷ್ಮೆ ಸಾಕಾಣಿಕೆ, ವಾಸ ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು. ನಾನು ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು ಯಾಮಿನಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಆಲ್ಬಂ ಮಾಡುತ್ತಾಳೆ. ನಮ್ಮೂರಿನ ರಾಮಾಂಜಿನಪ್ಪನ ಮಗಳ ಮದುವೆ ಫೋಟೊಗಳು ಅದರಲ್ಲಿದ್ದವು. ಮದುವೆಯಾದ ಒಂಬತ್ತನೇ ದಿನ ರಾಮಾಂಜಿನಪ್ಪನವರ ತಾಯಿ ಓಬಳಮ್ಮ ತೀರಿಕೊಂಡರು. ಆ ಅಮ್ಮನ ಕಡೆಯ ಫೋಟೊ ಅದರಲ್ಲೇ ಇತ್ತು. 21ನೇ ತಾರೀಖು ಭಾನುವಾರ ವೈಕುಂಠ ಸಮಾರಾಧನೆಗೆ ಅದನ್ನು ದೊಡ್ಡದು ಮಾಡಿಸಿ ಇಡಬೇಕಿತ್ತು.

ದಿನಾಂಕ 17-12-2025ರ ಬುಧವಾರ ಕಂಪ್ಯೂಟರ್ ನಿಂತುಹೋಯಿತು. ಸಂಜೆ 4 ಗಂಟೆಗೆ ಚಿಂತಾಮಣಿಯಲ್ಲಿ ಅಂಗಡಿ ಇಟ್ಟಿರುವ ಜಗನ್ ಬಂದು ನೋಡಿ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪವರ್ ಸಪ್ಲೈ ಕೆಟ್ಟಿದೆ ಎಂದ. ಪ್ರತಿ ಭಾಗ ಎಷ್ಟು ಕರೆಂಟು ತಿನ್ನುತ್ತದೆ ಎಂದು ಚೀಟಿಯಲ್ಲಿ ಬರೆದು ಕೂಡಿದ. ಮುನ್ನೂರು ವ್ಯಾಟ್ ಬಂತು. ಐನೂರೈವತ್ತರದು ಸಾಕು, ಬಿಸಿಯಾಗಿ ಕರೆಂಟು ಪೋಲು ಮಾಡದ ಒಳ್ಳೆಯದು ತರಿಸುತ್ತೇನೆ, ಶುಕ್ರವಾರ ಬರುತ್ತದೆ ಎಂದ. ಸಾವಿರದ್ದೇ ಹಾಕಪ್ಪ ಎಂದೆ. ಅದಕ್ಕೆ ಅವನು, ಮೂರ್ ಜನಕ್ಕೆ ಹಂಡೇಲಿ ಅನ್ನ ಮಾಡ್ತೀರೇನಮ್ಮಾ ಎಂದು ಕೇಳಿದ. ಮಗಳು ನಕ್ಕಳು.

ಶುಕ್ರವಾರ ಅಮಾವಾಸ್ಯೆ, ಶನಿವಾರ ನಾವು ಕಬ್ಬಿಣ ಮನೆಗೆ ತರುವುದಿಲ್ಲ. ಆದ್ದರಿಂದ ಗುರುವಾರ 11 ಗಂಟೆಗೆ ನಾನೇ ಚಿಂತಾಮಣಿಗೆ ಹೋಗಿ, ಬಸ್ ನಿಲ್ದಾಣದ ಹಿಂದಿನ ಒಂದು ಗುಜರಿ ಅಂಗಡಿಯಲ್ಲಿ 1000 ಎಂದು ಬರೆದಿದ್ದ ಪವರ್ ಸಪ್ಲೈ ಕೊಂಡೆ. ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿರುವುದನ್ನು ಹೇಳುವವಳು ನಾನು. ಇದನ್ನು ಎತ್ತಿದಾಗ ಹಗುರ ಅನ್ನಿಸಿತು. ಆದರೂ ತಂದೆ. ಒಂದಿನ ತಡಿಯಮ್ಮಾ ಎಂದು ಯಾಮಿನಿ ಹೇಳಿದಳು. ನಾನು ಕೇಳದೆ ಅವಳ ಕೈಲೇ ನಾಲ್ಕು ಸ್ಕ್ರೂ ಹಾಕಿಸಿ, ಕುಂಕುಮ ಇಟ್ಟೆ.

ಶುಕ್ರವಾರ ಬೆಳಿಗ್ಗೆ 10.15ಕ್ಕೆ ಜಗನ್ ತಾನು ತರಿಸಿದ ಪವರ್ ಸಪ್ಲೈ ಪೆಟ್ಟಿಗೆ ತಂದ. ಹೊಸ್ತಿಲು ದಾಟಿಸಬೇಡ ಎಂದು ಜಗುಲಿಯ ಮೇಲೆ ಇಡಿಸಿದೆ. ಅವನು ಒಳಗೆ ಬಂದು ನಾನು ತಂದದ್ದನ್ನು ನೋಡಿ, ಸಾವಿರ ಇರೋದು ಸ್ಟಿಕ್ಕರ್ ಮೇಲೆ ಕಣಮ್ಮಾ, ಒಳಗಿಲ್ಲ, ಈಗಲೇ ಬಿಚ್ಚಣ ಎಂದ. ಅಮಾಸೆ ದಿನ ಬಿಚ್ಚೋದು ಬೇಡ ಎಂದೆ. ಹಂಗಾದ್ರೆ ನಾನು ಬರೋಗಂಟ ಆನ್ ಮಾಡ್ಬೇಡಿ ಎಂದು ಎರಡು ಸಲ ಹೇಳಿ ಹೋದ.

ಭಾನುವಾರದ ಫೋಟೊಗೆ ತಡವಾಗುತ್ತದೆಂದು ಮಧ್ಯಾಹ್ನ 3 ಗಂಟೆಗೆ ನಾನೇ ಆನ್ ಮಾಡಿಸಿದೆ. 3.20ಕ್ಕೆ ಪಟಾರ್ ಎಂದು ಹೊಗೆ ಬಂತು. ಆಮೇಲೆ ಫೋಟೊಗಳಿದ್ದ ಡಿಸ್ಕೂ ಓಡಲಿಲ್ಲ.

5 ಗಂಟೆಗೆ ರಾಮಾಂಜಿನಪ್ಪ ಬಂದರು. ಕಂಪ್ಯೂಟರಿನ ಮೇಲೆ ಜಗನ್ ಅಂಗಡಿಯ ಹಳೆಯ ಚೀಟಿ ಅಂಟಿತ್ತು. ಇವನೇನಾ ಈ ಸುಟ್ಟ ಡಬ್ಬ ಹಾಕಿದ್ದು ಎಂದು ಕೇಳಿದರು. ನಾನು ಬಟ್ಟೆಯಿಂದ ಮಸಿ ಒರೆಸುತ್ತಿದ್ದೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಯಾಮಿನಿ ನನ್ನ ಮುಖ ನೋಡಿದಳು. ಅವರು ಹೊರಟುಹೋದರು.

ಈ ದಿನ ಶನಿವಾರ 11 ಗಂಟೆಗೆ ನನ್ನ ಯಜಮಾನರು ಡೈರಿಯಿಂದ ಬಂದು, ನಕಲಿ ಮಾಲು ಹಾಕಿದ ಎಂದು ರಾಮಾಂಜಿನಪ್ಪ ದೂರು ಕೊಟ್ಟು ಜಗನ್‌ನನ್ನು ಠಾಣೆಗೆ ಕರೆಸಿದ್ದಾರೆ ಎಂದರು. ಬೆಳಗಿನ ಧನುರ್ಮಾಸದ ಪೂಜೆಯಲ್ಲೂ ನನ್ನ ಬಾಯಿಗೆ ದೇವರ ಒಂದು ನಾಮ ಬಂದಿರಲಿಲ್ಲ. ಕೂಡಲೇ ಹೊರಟು ಬಂದೆ. ಜಗನ್ ಇಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ. ಡಿಸ್ಕ್ ಕೊಡಿ, ಅಜ್ಜಿ ಫೋಟೊ ಸಿಗುತ್ತಾ ನೋಡ್ತೀನಿ ಎಂದು ಅವನೇ ನನಗೆ ಹೇಳಿದ.

ಡಬ್ಬ ತಂದವಳು ನಾನು, ಹಾಕಿಸಿದವಳು ನಾನು, ಸುಮ್ಮನಿದ್ದವಳೂ ನಾನು. ಜಗನ್ ತಪ್ಪು ಇಲ್ಲ. ಅವನನ್ನು ಈಗಲೇ ಕಳುಹಿಸಬೇಕು, ಸಮಾರಾಧನೆ ನಾಳೆಯೇ ಇದೆ.

ಮನೆಯಿಂದ ಹೊರಡುವ ಮುಂಚೆ ಜಗುಲಿಯ ಮೇಲಿದ್ದ ಅವನ ಪೆಟ್ಟಿಗೆಯನ್ನು, ಶನಿವಾರವಾದರೂ, ನಾನೇ ಎರಡು ಕೈಯಲ್ಲಿ ಎತ್ತಿ ಹೊಸ್ತಿಲು ದಾಟಿಸಿ ಒಳಗಿಟ್ಟೆ. ಭಾರವಾಗಿತ್ತು.

ಇದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ದೇವರ ಮೇಲೆ ಪ್ರಮಾಣವಾಗಿ ನಿಜ.

ಸ್ಥಳ: ಕೆಂಚಾರ್ಲಹಳ್ಳಿ
ದಿನಾಂಕ: 20-12-2025, ಮಧ್ಯಾಹ್ನ 12.10
ಸಹಿ: ರಾಮಲಕ್ಷ್ಮಮ್ಮ