ಹತ್ತು ಎಣಿಸುವಷ್ಟು ಹೊತ್ತು

೧೯೩೮ರ ಒಂದು ಮಧ್ಯಾಹ್ನ ಜಯಸಿಂಗಪುರದ ನಿಲ್ದಾಣದಲ್ಲಿ ಮಿರಜಿನ ಗಾಡಿಗಾಗಿ ಕಾದಿದ್ದೆ. ಪಕ್ಕದ ಬಾಕಿನ ಮೇಲೆ ಇಬ್ಬರು ಹವ್ಯಾಸಿ ಛಾಯಾಗ್ರಾಹಕರು. ಕಿರಿಯರಾದ ಭೂಪಾಲರು ತಾವು ತೆಗೆದ ಚಿತ್ರಗಳನ್ನು ಒಂದೊಂದಾಗಿ ಕೊಡುತ್ತಿದ್ದರು. ಹಿರಿಯರಾದ ಪಾಯಗೌಡರು ತಪ್ಪು ಹುಡುಕುತ್ತಿದ್ದರು.

"ಈ ಎಮ್ಮಿಗೆ ತಲೀನ ಇಲ್ಲಲ್ಲೋ!"

"ಅದಿರಲ್ರಿ, ಇದನ್ನ ನೋಡ್ರಿ. ನಮ್ಮಕ್ಕ. ನಿನ್ನೆ ತೀರಿಕೊಂಡ ಮ್ಯಾಲೆ ಕುರ್ಚಿ ಮ್ಯಾಲೆ ಕುಂಡ್ರಿಸಿ ತಗದೇನಿ. ಆಕಿದು ಬ್ಯಾರೆ ಫೋಟೋ ಇಲ್ಲ. ಆಕಿ ಮಗ ಈ ಗಾಡಿಗೇ ಬರಾಕತ್ತಾನ, ಅವಂಗ ಕೊಡಬೇಕು."

"ಬೆಳಕು ಛಲೋ ಬಿದ್ದೈತಿ. ಬಲಗೈ ಬೆರಳಷ್ಟ ಮಸಕಾಗ್ಯಾವ. ಕ್ಯಾಮೆರಾ ಅಳ್ಳಾಡಿಸಿದಿ."

"ಸ್ಟ್ಯಾಂಡ್ ಮ್ಯಾಲಿತ್ರಿ."

"ಹೌದಲ್ಲ, ಬೆತ್ತದ ಕುರ್ಚಿ ಹೆಣಿಗಿ ಎಳಿಎಳಿಯಾಗಿ ಕಾಣ್ತೈತಿ. ಎಷ್ಟ್ ಹೊತ್ತು ಲೆನ್ಸ್ ತೆರದಿಟ್ಟಿದ್ದಿ?"

"ಮನ್ಯಾಗ ಕತ್ತಲಿತ್ತು. ಹತ್ತು ಎಣಿಸಿ ಮುಚ್ಚಿದೆ."

"ಅಷ್ಟರಾಗ ಯಾರರ ಆಕಿ ಕೈ ಮುಟ್ಟಿದ್ರೇನು?"

"ಇಲ್ರಿ. ಎಲ್ಲಾರೂ ನನ್ನ ಹಿಂದ ನಿಂತಿದ್ರು."

ಪಾಯಗೌಡರು ಚಿತ್ರವನ್ನು ಕಣ್ಣಿನ ಸಮೀಪಕ್ಕೆ ತಂದರು.

"ಹಂಗಾದ್ರ ಅಲುಗಿದ್ದು ಕ್ಯಾಮೆರಾ ಅಲ್ಲ, ಭೂಪಾಲ. ಬೆರಳು."

ಭೂಪಾಲರು ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡು ಆ ಬೆರಳುಗಳನ್ನೇ ನೋಡಿದರು.

"ಬೆಂಕಿ ಯಾವಾಗ ಕೊಟ್ರಿ?"

"ಫೋಟೋ ತಗದ ಒಂದು ತಾಸಿಗೆ. ನಮ್ಮ ಜೈನ ಮಂದ್ಯಾಗ ಭಾಳ ಹೊತ್ತು ಇಡೂದಿಲ್ಲ, ನಿಮಗ ಗೊತ್ತಲ್ರಿ."

ಗಾಡಿ ಬಂದು ನಿಂತಿತು. ತರುಣನೊಬ್ಬ ಇಳಿದು ಭೂಪಾಲರ ಕಾಲಿಗೆರಗಿದ.

"ಮಾಮಾ, ಅವ್ವನ ಮುಖ ನೋಡೂದಾಗಲಿಲ್ಲ. ನೀವು ಫೋಟೋ ತಗದಿರಬೇಕಲ್ಲ, ತೋರಸ್ರಿ."

ಅಷ್ಟರಲ್ಲಿ ಭೂಪಾಲರು ಚಿತ್ರವನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡಿದ್ದರು.

"ಫೋಟೋ ಪ್ಲೇಟ್ ಕೆಟ್ಟುಹೋತಪ್ಪಾ. ಏನೂ ಮೂಡಲಿಲ್ಲ."

ಪಾಯಗೌಡರು ತರುಣನ ಪೆಟ್ಟಿಗೆಯನ್ನು ಎತ್ತಿಕೊಂಡರು. ಮೂವರೂ ಹೊರಬಾಗಿಲಿನತ್ತ ನಡೆದರು.